ಇದ್ದಿಲು ಹಾಕಿದರೆ ರಾಗಿ ಹೆಚ್ಚು ಬೆಳೆಯುತ್ತದೆಯೇ?

ಪ್ರಶ್ನೆ: ನಮ್ಮದು ಮಳೆಯಾಶ್ರಿತ ಕೆಂಪು ಮಣ್ಣಿನ ಹೊಲ. ರಾಗಿ ಮುಖ್ಯ ಬೆಳೆ, ಅಕ್ಕಡಿ ಸಾಲಿಗೆ ತೊಗರಿ, ಅವರೆ ಹಾಕುತ್ತೇವೆ. ಬಯೋಚಾರ್, ಅಂದರೆ ಮಣ್ಣಿಗೆ ಸೇರಿಸುವ ಇದ್ದಿಲು, ಹಾಕಿದರೆ ಇಳುವರಿ ನಾಲ್ಕು ಪಟ್ಟಾಗುತ್ತದೆ ಎಂದು ಒಂದು ಕಡೆ ಓದಿದೆ, ಯಾವ ಪ್ರಯೋಜನವೂ ಇಲ್ಲ ಎಂದು ಇನ್ನೊಂದು ಕಡೆ. ಒಲೆಯ ಬೂದಿಯನ್ನು ನಮ್ಮ ಹಿರಿಯರೂ ಹೊಲಕ್ಕೆ ಹಾಕುತ್ತಿದ್ದರು. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ರಾಗಿ, ಭತ್ತ, ಜೋಳದಂಥ ಬೆಳೆಗಳಿಗೆ ಇದು ನಿಜಕ್ಕೂ ಉಪಯೋಗವೇ?

ಉತ್ತರ: ನೀವು ಓದಿದ ಎರಡೂ ಮಾತಿನಲ್ಲಿ ಸ್ವಲ್ಪ ನಿಜವಿದೆ. ಇದ್ದಿಲು ಒಂದು ಹೊಲದಲ್ಲಿ ಫಸಲನ್ನು ಇಮ್ಮಡಿ ಮಾಡಿದೆ, ಮತ್ತೊಂದರಲ್ಲಿ ಏನೂ ಮಾಡದೆ ಸುಮ್ಮನೆ ಬಿದ್ದಿದೆ, ಮಗದೊಂದರಲ್ಲಿ ಇಳುವರಿಯನ್ನು ತಗ್ಗಿಸಿಯೂ ಇದೆ. ಈ ಅಂತರಕ್ಕೆ ಬೆಳೆಗಿಂತ ಮಣ್ಣೇ ಹೆಚ್ಚು ಕಾರಣ. ರಾಗಿಗೆ ಆಗುತ್ತದೆಯೇ, ಭತ್ತಕ್ಕೆ ಆಗುತ್ತದೆಯೇ ಎಂದು ಕೇಳುವ ಮೊದಲು ನಮ್ಮ ಮಣ್ಣಿಗೆ ಇರುವ ಕೊರತೆ ಏನು ಎಂದು ಕೇಳಿಕೊಳ್ಳಬೇಕು.

ಇದನ್ನು ತುಂಬ ಚೆನ್ನಾಗಿ ತೋರಿಸಿಕೊಟ್ಟ ಪ್ರಯೋಗ ಪಶ್ಚಿಮ ಕೀನ್ಯಾದ್ದು. ಅಲ್ಲಿ ಬೇರೆ ಬೇರೆ ಕಾಲದಲ್ಲಿ ಕಾಡು ಕಡಿದು ಹೊಲ ಮಾಡಿದ್ದರು. ಕೆಲವು ಹೊಲಗಳಿಗೆ ಐದಾರು ವರ್ಷ ವಯಸ್ಸು, ಕೆಲವಕ್ಕೆ ನೂರು ವರ್ಷ ದಾಟಿತ್ತು. ಎಲ್ಲ ಕಡೆಯೂ ಮುಸುಕಿನ ಜೋಳವೇ. ವರ್ಷಗಟ್ಟಲೆ ಉತ್ತು, ಬಿತ್ತಿ, ಕೊಯ್ದು ಸವೆದುಹೋಗಿದ್ದ ಹಳೆಯ ಹೊಲಗಳಿಗೆ ಇದ್ದಿಲು ಸೇರಿಸಿದಾಗ ಹೆಕ್ಟೇರಿಗೆ ಸುಮಾರು 3 ಟನ್ ಇದ್ದ ಇಳುವರಿ 6 ಟನ್ನಿನ ಹತ್ತಿರ ಬಂತು. ಹೊಸದಾಗಿ ಕಾಡಿನಿಂದ ಬಿಡಿಸಿದ, ಇನ್ನೂ ಸತ್ವ ಉಳಿದಿದ್ದ ಹೊಲಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಊರಿನ ಸೀಮೆ ಅದೇ, ಬೆಳೆ ಅದೇ, ಹಾಕಿದ ಇದ್ದಿಲೂ ಅದೇ. ಬೇರೆಯಾಗಿದ್ದದ್ದು ಮಣ್ಣಿನ ಆರೋಗ್ಯ ಒಂದೇ. 2008ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಬಯೋಚಾರ್ ಬಗ್ಗೆ ಯಾರೇ ಕೇಳಿದರೂ ನಾನು ಮೊದಲು ಹೇಳುತ್ತೇನೆ.

ಜಗತ್ತಿನ ಬೇರೆ ಬೇರೆ ಕಡೆ ನಡೆದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಸೈಮನ್ ಜೆಫ್ರಿ ಮತ್ತು ಸಂಗಡಿಗರು ಒಟ್ಟುಗೂಡಿಸಿ 2017ರಲ್ಲಿ ಲೆಕ್ಕ ಹಾಕಿದರು. ಉಷ್ಣವಲಯದಲ್ಲಿ ಇಳುವರಿ ಸರಾಸರಿ ಶೇ 25ರಷ್ಟು ಏರಿತ್ತು. ಯುರೋಪಿನಂಥ ಸಮಶೀತೋಷ್ಣ ಪ್ರದೇಶಗಳಲ್ಲಿ ಸರಾಸರಿ ಲಾಭ ಕಾಣಲಿಲ್ಲ. ಇದಕ್ಕೆ ಬಿಸಿಲಿಗಿಂತ ಮಣ್ಣಿನ ರಸಸಾರವೇ (ಪಿಎಚ್) ದೊಡ್ಡ ಕಾರಣ. ಉಷ್ಣವಲಯದ ಆ ಹೊಲಗಳ ಮಣ್ಣು ಹುಳಿ, ಸತ್ವ ಕಡಿಮೆ. ಸಮಶೀತೋಷ್ಣ ವಲಯದ ಹೊಲಗಳು ಮೊದಲೇ ಸುಣ್ಣ, ಗೊಬ್ಬರ ಕಂಡು ಸುಸ್ಥಿತಿಯಲ್ಲಿದ್ದವು. ಇದ್ದಿಲು ಸರಿಪಡಿಸಬೇಕಾದದ್ದು ಅಲ್ಲಿ ಹೆಚ್ಚೇನೂ ಇರಲಿಲ್ಲ.

ಹಾಗಾದರೆ ಇದ್ದಿಲು ಮಣ್ಣಿನೊಳಗೆ ಮಾಡುವ ಕೆಲಸವೇನು? ಮೊದಲು ಬೂದಿಯ ಪ್ರಶ್ನೆಯನ್ನು ಮುಗಿಸಿಬಿಡೋಣ, ಏಕೆಂದರೆ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ. ಸೌದೆ ಗಾಳಿಯಲ್ಲಿ ಪೂರ್ತಿ ಉರಿದರೆ ಅದರಲ್ಲಿದ್ದ ಇಂಗಾಲವೆಲ್ಲ ಹೊಗೆಯಾಗಿ ಹೋಗಿ, ಪೊಟ್ಯಾಷ್, ಸುಣ್ಣದ ಅಂಶಗಳು ಬೂದಿಯಾಗಿ ಉಳಿಯುತ್ತವೆ. ಬೂದಿ ಒಳ್ಳೆಯದೇ. ಆದರೆ ಅದರ ಸತ್ವ ನೀರಿನಲ್ಲಿ ಬೇಗ ಕರಗುತ್ತದೆ, ಒಂದೆರಡು ಮಳೆಗಾಲದಲ್ಲಿ ತೀರಿಹೋಗುತ್ತದೆ. ಪಶ್ಚಿಮಘಟ್ಟದ ಕುಮರಿ ಬೇಸಾಯದಲ್ಲಿ ಕಾಡು ಕಡಿದು ಸುಟ್ಟ ಬೂದಿಯ ಮೇಲೆ ರಾಗಿ ಬಿತ್ತುತ್ತಿದ್ದರು. ಮೊದಲ ವರ್ಷ ತೆನೆ ತೂಗುತ್ತಿತ್ತು, ಆಮೇಲೆ ಇಳುವರಿ ಕುಸಿದು ಬೇರೆ ಜಾಗ ಹುಡುಕಬೇಕಾಗುತ್ತಿತ್ತು. ಬೂದಿಯ ಸ್ವಭಾವವೇ ಅದು. ಅದೇ ಸೌದೆಯನ್ನು ಗಾಳಿ ತಾಗದಂತೆ 400ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದರೆ ಇಂಗಾಲದ ಸುಮಾರು ಅರ್ಧ ಭಾಗ ಇದ್ದಿಲಾಗಿ ಉಳಿಯುತ್ತದೆ. ಈ ಇಂಗಾಲ ಗೊಬ್ಬರದಂತೆ ಬೇಗ ಕೊಳೆಯುವುದಿಲ್ಲ, ಹೆಚ್ಚಿನ ಪಾಲು ನೂರಾರು ವರ್ಷ ಮಣ್ಣಿನಲ್ಲೇ ಇರುತ್ತದೆ.

ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಒಂದು ಗ್ರಾಂ ಮರದ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹರಡಿದರೆ ನೂರಾರು ಚದರ ಮೀಟರ್ ಆಗುವುದುಂಟು. ಮರಳು ಹೆಚ್ಚಿರುವ ಮಣ್ಣಿನಲ್ಲಿ ಈ ರಂಧ್ರಗಳು ನೀರು ಹಿಡಿದಿಡುತ್ತವೆ. ಜೇಡಿ ಹೆಚ್ಚಿರುವ ಮಣ್ಣು ತಾನೇ ಸಾಕಷ್ಟು ನೀರು ಹಿಡಿಯುವುದರಿಂದ ಅಲ್ಲಿ ಈ ಲಾಭ ಕಡಿಮೆ. ಹೆಚ್ಚಿನ ಬಗೆಯ ಇದ್ದಿಲು ಕ್ಷಾರೀಯ. ಹುಳಿ ಮಣ್ಣಿಗೆ ಬಿದ್ದಾಗ ಅದರ ಹುಳಿಯನ್ನು ತಗ್ಗಿಸುತ್ತದೆ. ರಸಸಾರ 5.5ಕ್ಕಿಂತ ಕೆಳಗಿಳಿದ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಸುಡುತ್ತದೆ, ಬೇರು ಆಳಕ್ಕಿಳಿಯದೆ ಗಿಡ ಮೊಟಕಾಗುತ್ತದೆ. ಹುಳಿ ತಗ್ಗಿದಂತೆ ಆ ಕಾಟವೂ ತಗ್ಗುತ್ತದೆ. ಇನ್ನೊಂದು ಕೆಲಸ ನಿಧಾನವಾದದ್ದು. ಮಣ್ಣಿನಲ್ಲಿ ವರ್ಷಗಳು ಕಳೆದಂತೆ ಇದ್ದಿಲಿನ ಮೈ ಗಾಳಿ, ನೀರು, ಸೂಕ್ಷ್ಮಜೀವಿಗಳ ಒಡನಾಟದಲ್ಲಿ ಬದಲಾಗುತ್ತ ಋಣ ವಿದ್ಯುದಂಶ ಪಡೆಯುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಅಮೋನಿಯಂ ಇವೆಲ್ಲ ಅದಕ್ಕೆ ಅಂಟಿಕೊಳ್ಳುತ್ತವೆ. ಜೋರು ಮಳೆಗೆ ಬಸಿದುಹೋಗಬೇಕಿದ್ದ ಪೋಷಕಾಂಶ ಬೇರಿಗೆ ಸಿಗುವಂತೆ ಉಳಿಯುತ್ತದೆ.

ಈ ನಿಧಾನವನ್ನು ಕೊಲಂಬಿಯಾದ ಪೂರ್ವ ಬಯಲುಗಳಲ್ಲಿ ನಡೆದ ಪ್ರಯೋಗ ಸ್ಪಷ್ಟವಾಗಿ ತೋರಿಸಿದೆ. ಅಲ್ಲಿನದು ಕಬ್ಬಿಣ, ಅಲ್ಯೂಮಿನಿಯಂ ತುಂಬಿದ, ತೀರಾ ಹುಳಿಯಾದ ಕೆಂಪು ಮಣ್ಣು. ಜೂಲಿ ಮೇಜರ್ ಮತ್ತು ಸಂಗಡಿಗರು ಹೆಕ್ಟೇರಿಗೆ 20 ಟನ್ ಮರದ ಇದ್ದಿಲನ್ನು ಒಂದೇ ಸಲ ಸೇರಿಸಿ, ನಾಲ್ಕು ವರ್ಷ ಮುಸುಕಿನ ಜೋಳದ ಫಸಲನ್ನು ತೂಗಿದರು. ಗೊಬ್ಬರ ಎಲ್ಲ ತಾಕುಗಳಿಗೂ ಒಂದೇ. 2003ರಲ್ಲಿ, ಅಂದರೆ ಮೊದಲ ಫಸಲಿನಲ್ಲಿ, ಗಣನೀಯ ವ್ಯತ್ಯಾಸವೇ ಇರಲಿಲ್ಲ. ಎರಡನೆಯ ವರ್ಷ ಇದ್ದಿಲು ಹಾಕದ ತಾಕಿಗಿಂತ ಶೇ 28 ಹೆಚ್ಚು, ಮೂರನೆಯ ವರ್ಷ ಶೇ 30, ನಾಲ್ಕನೆಯ ವರ್ಷ ಶೇ 140. ಮಣ್ಣು ಪರೀಕ್ಷಿಸಿದಾಗ ಕಂಡದ್ದು, ಇದ್ದಿಲು ಬಿದ್ದಲ್ಲಿ ಗಿಡಕ್ಕೆ ದಕ್ಕುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬಹಳ ಹೆಚ್ಚಿತ್ತು. ಆ ಮಣ್ಣಿಗೆ ಇದ್ದ ಕೊರತೆಯೇ ಅದು. ಮೊದಲ ವರ್ಷ ನೋಡಿ ಇದರಿಂದ ಏನೂ ಆಗಲಿಲ್ಲ ಎಂದು ಅವರು ಕೈಬಿಟ್ಟಿದ್ದರೆ ನಾಲ್ಕನೆಯ ವರ್ಷದ ಫಲ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಯೋಚಾರ್ ಕುರಿತ ಬಹಳಷ್ಟು ಪ್ರಯೋಗಗಳು ಒಂದೆರಡು ಹಂಗಾಮಿಗೇ ಮುಗಿದುಬಿಡುತ್ತವೆ ಎನ್ನುವುದು ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ನೋವು.

ಇನ್ನು ನಷ್ಟದ ಕಥೆ. ಉತ್ತರ ಲಾವೋಸ್‌ನ ಬೆಟ್ಟದ ಹೊಲಗಳಲ್ಲಿ ಮಳೆಯ ಭತ್ತಕ್ಕೆ ಹೆಕ್ಟೇರಿಗೆ 4, 8, 16 ಟನ್ ಲೆಕ್ಕದಲ್ಲಿ ಸಂಶೋಧಕರು ಇದ್ದಿಲು ಹಾಕಿ ನೋಡಿದರು. ರಂಜಕ ಕಡಿಮೆಯಿದ್ದ ಕಡೆ ಇಳುವರಿ ಏರಿತು. ಆದರೆ ಇದ್ದಿಲು ಬಿದ್ದ ಕಡೆ ಎಲೆಯ ಹಸಿರು ತಗ್ಗಿತು. ಸಾರಜನಕ ಮೊದಲೇ ಕಡಿಮೆಯಿರುವ ಮಣ್ಣಿಗೆ, ಸಾರಜನಕದ ಗೊಬ್ಬರ ಕೊಡದೆ ಬರೀ ಇದ್ದಿಲು ಸುರಿದರೆ ಇಳುವರಿ ಇಳಿಯಬಹುದು ಎಂದು 2009ರಲ್ಲಿ ಅವರು ವರದಿ ಮಾಡಿದರು. ಹೊಸ ಇದ್ದಿಲಿನಲ್ಲಿ ಬೇಗ ಕೊಳೆಯುವ ಅಂಶವೂ ಸ್ವಲ್ಪ ಇರುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವು ಬಳಸಿಕೊಳ್ಳುತ್ತವೆ. ಇದ್ದಿಲಿನ ಮೈಯೂ ಅಮೋನಿಯಂ ಹಿಡಿದಿಟ್ಟುಕೊಳ್ಳುತ್ತದೆ. ಗಿಡದ ಪಾಲು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಮರದ ಇದ್ದಿಲಿನಲ್ಲಿ ಗಿಡಕ್ಕೆ ಸಿಗುವ ಸಾರಜನಕ ಇಲ್ಲವೆಂದೇ ಹೇಳಬೇಕು. ಆದ್ದರಿಂದ ಅದನ್ನು ಗೊಬ್ಬರ ಎಂದು ಕರೆಯುವುದೇ ತಪ್ಪು, ಗೊಬ್ಬರಕ್ಕೆ ಬದಲಾಗಿ ಹಾಕುವುದು ಇನ್ನೂ ದೊಡ್ಡ ತಪ್ಪು. 2020ರಲ್ಲಿ ಬಂದ ಇನ್ನೊಂದು ಒಟ್ಟು ಲೆಕ್ಕವೂ ಇದನ್ನೇ ಹೇಳಿತು. ಬರೀ ರಸಗೊಬ್ಬರ ಹಾಕಿದ ಹೊಲಕ್ಕಿಂತ ರಸಗೊಬ್ಬರದ ಜೊತೆ ಇದ್ದಿಲನ್ನೂ ಹಾಕಿದ ಹೊಲದಲ್ಲಿ ಇಳುವರಿ ಸರಾಸರಿ ಶೇ 15 ಹೆಚ್ಚು. ಹೆಕ್ಟೇರಿಗೆ 10 ಟನ್ ದಾಟಿ ಸುರಿದದ್ದರಿಂದ ಹೆಚ್ಚಿನ ಲಾಭ ಬರಲಿಲ್ಲ.

ನೀರು ನಿಲ್ಲಿಸಿ ಬೆಳೆಯುವ ಭತ್ತದಲ್ಲಿ ಏರಿಕೆ ಸಾಧಾರಣ. ಚೀನಾದ ತಾಯ್ ಸರೋವರದ ಬಯಲಿನ ಗದ್ದೆಗಳಲ್ಲಿ ಹೆಕ್ಟೇರಿಗೆ 10 ಟನ್ ಗೋಧಿ ಹುಲ್ಲಿನ ಇದ್ದಿಲಿಗೆ ಸುಮಾರು ಶೇ 9, 40 ಟನ್ನಿಗೆ ಶೇ 12 ಹೆಚ್ಚು ಬಂತು. ಸಾರಜನಕ ಕೊಟ್ಟಿದ್ದ ಗದ್ದೆಗಳ ಲೆಕ್ಕ ಇದು. ಇದ್ದಿಲು ನಾಲ್ಕು ಪಟ್ಟಾದರೂ ಲಾಭ ಮೂರೇ ಮೂರು ಅಂಶ ಹೆಚ್ಚಿತು. ಅಲ್ಲಿ ಮೀಥೇನ್ ಹೊರಸೂಸುವಿಕೆ ಕೂಡ ಹೆಚ್ಚಾಯಿತು.

ನೀವು ಓದಿದ ‘ನಾಲ್ಕು ಪಟ್ಟು’ ಬಹುಶಃ ನೇಪಾಳದಿಂದ ಬಂದಿರಬೇಕು. ಹಾನ್ಸ್ ಪೀಟರ್ ಶ್ಮಿಟ್ ಮತ್ತು ಸಂಗಡಿಗರ 2015ರ ಪ್ರಬಂಧದ ತಲೆಬರಹದಲ್ಲೇ ಆ ಮಾತಿದೆ. ಆದರೆ ಅದು ಸಿಹಿಗುಂಬಳದ ಪ್ರಯೋಗ, ರಾಗಿಯದೋ ಭತ್ತದ್ದೋ ಅಲ್ಲ. ಹೆಕ್ಟೇರಿಗೆ 750 ಕಿಲೋ ಇದ್ದಿಲನ್ನು ದನದ ಗಂಜಲದಲ್ಲಿ ನೆನೆಸಿ ಗಿಡದ ಬುಡಕ್ಕೆ ಮಾತ್ರ ಹಾಕಿದ್ದರು. ಬರೀ ಗಂಜಲ ಕೊಟ್ಟ ತಾಕಿಗೆ ಹೋಲಿಸಿದಾಗ ನಾಲ್ಕು ಪಟ್ಟು ಬಂತು. ಬರೀ ಇದ್ದಿಲು ಹಾಕಿದ ತಾಕಿಗೆ ಹೋಲಿಸಿದರೆ ಏರಿಕೆ ಶೇ 85. ಈ ಅಂಕಿಯನ್ನು ಎಲ್ಲ ಬೆಳೆಗೂ, ಎಲ್ಲ ಊರಿಗೂ ಅಂಟಿಸಿ ಮಾರುವುದು ರೈತರಿಗೆ ಮಾಡುವ ಅನ್ಯಾಯ. ಹಾಗಿದ್ದರೂ ಈ ಪ್ರಯೋಗದಿಂದ ನಾವು ಕಲಿಯಬೇಕಾದ ಬಹುಮುಖ್ಯ ವಿಷಯ ಒಂದಿದೆ. ಟನ್‌ಗಟ್ಟಲೆ ಸುರಿಯಬೇಕಾಗಿಲ್ಲ. ಸ್ವಲ್ಪವೇ ಇದ್ದಿಲು, ಮೊದಲೇ ಪೋಷಕಾಂಶ ಕುಡಿಸಿ, ಬೇರಿನ ಹತ್ತಿರ ಇಟ್ಟರೆ ಸಾಕು.

ಅಮೆಜಾನಿನ ಕಪ್ಪು ಮಣ್ಣಿನಲ್ಲೂ ಇದೇ ಪಾಠವಿದೆ. ಬಯೋಚಾರ್ ಮಾರುವವರೆಲ್ಲ ಅದರ ಹೆಸರು ಹೇಳುತ್ತಾರೆ. ಬ್ರೆಜಿಲ್‌ನಲ್ಲಿ ‘ಟೆರ್ರಾ ಪ್ರೇಟಾ’ ಎನ್ನುವ ಆ ಮಣ್ಣು ಅಲ್ಲಿನ ಮೂಲನಿವಾಸಿಗಳು ಸಾವಿರ, ಎರಡು ಸಾವಿರ ವರ್ಷದ ಹಿಂದೆ ನೆಲೆಸಿದ್ದ ಜಾಗಗಳಲ್ಲಿದೆ, ಸುತ್ತಲಿನ ಬಡಕಲು ಮಣ್ಣಿಗಿಂತ ಇವತ್ತಿಗೂ ಫಲವತ್ತಾಗಿದೆ. ಅದರಲ್ಲಿರುವುದು ಇದ್ದಿಲೊಂದೇ ಅಲ್ಲ. ಮೀನಿನ ಮೂಳೆ, ಅಡುಗೆಯ ಕಸ, ಬೂದಿ, ಮಲಮೂತ್ರ, ಒಡೆದ ಮಡಕೆಯ ಚೂರು ಎಲ್ಲ ತಲೆಮಾರುಗಟ್ಟಲೆ ಬಿದ್ದು ಬೆರೆತಿವೆ. ಅದು ಒಂದು ಊರಿನ ಶತಮಾನಗಳ ತಿಪ್ಪೆ. ರಂಜಕ ಬಂದದ್ದು ಮೂಳೆಯಿಂದ, ಸಾರಜನಕ ಬಂದದ್ದು ಕಸದಿಂದ. ಇದ್ದಿಲು ಅವನ್ನೆಲ್ಲ ಅಮೆಜಾನಿನ ಮಳೆಗೆ ಕೊಚ್ಚಿಹೋಗದಂತೆ ಹಿಡಿದಿಟ್ಟಿತು.

ನಮ್ಮಲ್ಲೂ ಇದರ ಹತ್ತಿರದ ಬಂಧು ಇದೆ. ಕರಾವಳಿಯಲ್ಲಿ ತರಗೆಲೆ, ಕಡ್ಡಿ, ಕಸವನ್ನು ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ನಿಧಾನವಾಗಿ ಬೇಯಿಸಿ ‘ಸುಡುಮಣ್ಣು’ ಮಾಡುತ್ತಾರೆ. ಗೊಬ್ಬರದೊಡನೆ ಬೆರೆಸಿ ತರಕಾರಿ ಗಿಡಗಳ ಬುಡಕ್ಕೆ ಹಾಕುವ ರೂಢಿ ಹಳೆಯದು. ಅಲ್ಲಿನದು ಜಂಬಿಟ್ಟಿಗೆ ಮಣ್ಣು, ಧೋ ಎನ್ನುವ ಮಳೆಗೆ ಸಿಕ್ಕಿ ಹುಳಿಯಾದದ್ದು. ಇದ್ದಿಲು ಚೂರು ಮತ್ತು ಬೂದಿ ಬೆರೆತ ಮಣ್ಣು ಅಲ್ಲಿ ಏಕೆ ಕೆಲಸ ಮಾಡುತ್ತದೆ ಎಂಬುದಕ್ಕೆ ಮೇಲೆ ಹೇಳಿದ ವಿಜ್ಞಾನವೇ ಉತ್ತರ.

ಈಗ ನಿಮ್ಮ ಹೊಲಕ್ಕೆ ಬರೋಣ. ದಕ್ಷಿಣ ಒಳನಾಡಿನ ಕೆಂಪು ಮಣ್ಣು ಮರಳು ಮಿಶ್ರಿತ, ನೀರನ್ನು ಹೆಚ್ಚು ಹೊತ್ತು ಹಿಡಿಯುವುದಿಲ್ಲ, ಸಾವಯವ ಇಂಗಾಲ ಬಹಳ ಕಡೆ ಶೇ 0.5ಕ್ಕಿಂತ ಕಡಿಮೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1986ರಿಂದ ರಾಗಿ, ಮುಸುಕಿನ ಜೋಳದ ಮೇಲೆ ದೀರ್ಘಾವಧಿ ಗೊಬ್ಬರ ಪ್ರಯೋಗ ನಡೆಯುತ್ತಿದೆ. ಬರೀ ಸಾರಜನಕದ ರಸಗೊಬ್ಬರ ಕಂಡ ತಾಕುಗಳಲ್ಲಿ ಮಣ್ಣು ಹುಳಿಯಾಗುತ್ತ, ಇಳುವರಿ ಸೊರಗುತ್ತ ಹೋಗಿದೆ. ರಸಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರ, ಸುಣ್ಣ ಕಂಡ ತಾಕುಗಳು ಇಳುವರಿಯನ್ನು ಕಾಪಾಡಿಕೊಂಡಿವೆ. ಅಂದರೆ ಇದ್ದಿಲು ನೆರವಾಗಬಲ್ಲ ಕೊರತೆಗಳು ನಿಮ್ಮಂಥ ಮಣ್ಣಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಆದರೂ ಮೊದಲು ಮಣ್ಣು ಪರೀಕ್ಷೆಯ ಚೀಟಿ ತೆಗೆದು ರಸಸಾರ ನೋಡಿ. 6ಕ್ಕಿಂತ ಕೆಳಗಿದ್ದರೆ ಇದ್ದಿಲಿಗೆ ಅಲ್ಲಿ ಕೆಲಸವಿದೆ. ಹುಳಿಯೊಂದೇ ತೊಂದರೆ ಎಂದಾದರೆ ಕೃಷಿ ಸುಣ್ಣ ಅಥವಾ ಡೋಲೊಮೈಟ್ ಹಾಕುವುದೇ ಅಗ್ಗದ ದಾರಿ, ದುಬಾರಿ ಬಯೋಚಾರ್ ಕೊಳ್ಳಬೇಡಿ. ರಸಸಾರ 8ರ ಆಸುಪಾಸಿನಲ್ಲಿರುವ ಉತ್ತರ ಕರ್ನಾಟಕದ ಎರೆ ಭೂಮಿಯ ಜೋಳದ ರೈತರು ಇದೇ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅಲ್ಲಿ ಹುಳಿ ತಗ್ಗಿಸುವ ಲಾಭ ಇಲ್ಲ, ನೀರನ್ನು ಹಿಡಿಯುವ ಜೇಡಿ ಮೊದಲೇ ಇದೆ. ಚೌಳು ನೆಲಕ್ಕಂತೂ ಬೂದಿ ಹೆಚ್ಚಿರುವ ಇದ್ದಿಲನ್ನು ಹಾಕಲೇಬಾರದು.

ಮುಂದಿನ ಪ್ರಶ್ನೆ ಕಚ್ಚಾ ಸಾಮಗ್ರಿಯದು, ಬಹಳ ಜನ ಎಡವುವುದು ಇಲ್ಲೇ. ಪ್ರಯೋಗಗಳಲ್ಲಿ ಹೇಳುವ ಹೆಕ್ಟೇರಿಗೆ 10 ಟನ್ ಎಂದರೆ ಎಕರೆಗೆ 4 ಟನ್. ಒಣ ಕಟ್ಟಿಗೆಯ ತೂಕದಲ್ಲಿ ಕಾಲು ಭಾಗದಷ್ಟು, ಹೆಚ್ಚೆಂದರೆ ಮೂರನೆಯ ಒಂದು ಭಾಗ ಇದ್ದಿಲಾಗಿ ಸಿಗುತ್ತದೆ. ಎಕರೆಗೆ 12ರಿಂದ 16 ಟನ್ ಒಣ ಕಟ್ಟಿಗೆ ಎಲ್ಲಿಂದ ತರುವುದು? ಅಕ್ಕಡಿ ಸಾಲಿನ ತೊಗರಿ ಕಟ್ಟಿಗೆ ಅದರ ಹತ್ತಿರಕ್ಕೂ ಬರುವುದಿಲ್ಲ. ರಾಗಿ ಹುಲ್ಲನ್ನು ಇದಕ್ಕಾಗಿ ಸುಡುವ ಯೋಚನೆಯನ್ನೇ ಮಾಡಬೇಡಿ, ಅದು ದನದ ಬಾಯಿಗೆ ಸೇರಬೇಕಾದದ್ದು. ಮರ ಕಡಿಯುವುದಂತೂ ಬೇಡ. ಉಳಿಯುವುದು ತೊಗರಿ, ಹತ್ತಿ ಕಟ್ಟಿಗೆ, ಮುಸುಕಿನ ಜೋಳದ ಬೆಂಡು, ತೆಂಗಿನ ಚಿಪ್ಪು, ಕೆರೆಯಂಗಳದಲ್ಲಿ ಹಬ್ಬಿದ ಬಳ್ಳಾರಿ ಜಾಲಿ, ಬೇಲಿಯ ಲಂಟಾನ.

ಇಷ್ಟರಲ್ಲೇ ಕೆಲಸ ಸಾಗಿಸುವ ದಾರಿ ಇದೆ. ಹಾವೇರಿ ಕಡೆಯ ಗುಳಿ ರಾಗಿ ಪದ್ಧತಿ ನಿಮಗೆ ಗೊತ್ತಿರಬಹುದು. ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಗೆರೆ ಕೂಡುವಲ್ಲಿ ಗುಳಿ ಮಾಡಿ, ಗೊಬ್ಬರ ಹಾಕಿ ಪೈರು ನಾಟಿ ಮಾಡುತ್ತಾರೆ. ಒಂದೂವರೆ ಅಡಿಗೊಂದು ಗುಳಿ ಎಂದರೆ ಎಕರೆಗೆ ಸುಮಾರು 19,000 ಗುಳಿ. ಒಂದೊಂದಕ್ಕೆ 25 ಗ್ರಾಂ ಇದ್ದಿಲು ಹಾಕಿದರೆ ಒಟ್ಟು ಅರ್ಧ ಟನ್ನೂ ಆಗುವುದಿಲ್ಲ. ಎರಡು ಟನ್ ಒಣ ಕಟ್ಟಿಗೆಯಿಂದ ಅಷ್ಟು ಸಿಗುತ್ತದೆ, ಒಂದೇ ವರ್ಷದಲ್ಲಿ ಆಗದಿದ್ದರೆ ಕಾಲು ಎಕರೆಯಂತೆ ಮುಂದುವರಿಯಬಹುದು. ಜಾಂಬಿಯಾದ ರೈತರು ಮುಸುಕಿನ ಜೋಳಕ್ಕೆ ಇದೇ ರೀತಿ ಗುಣಿಗಳಲ್ಲಿ ಮಾತ್ರ ಇದ್ದಿಲು ಇಟ್ಟು ಬೆಳೆದಿದ್ದಾರೆ. ಅಲ್ಲೂ ಮರಳು ಮಣ್ಣಿನ ಹೊಲಗಳೇ ಹೆಚ್ಚು ಸ್ಪಂದಿಸಿದವು.

ಇದ್ದಿಲು ಮಾಡಿಕೊಳ್ಳಲು ದುಬಾರಿ ಯಂತ್ರ ಬೇಕಿಲ್ಲ. ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆ, ಅಂದರೆ ಕ್ರಿಡಾ, ಹಳೆಯ ಎಣ್ಣೆ ಡ್ರಮ್ಮಿಗೆ ತೂತು ಕೊರೆದು ಮಾಡಿದ ಒಲೆಯನ್ನು ರೂಪಿಸಿದೆ. ನೆಲದಲ್ಲಿ ಬಾಣಲೆಯಾಕಾರದ ಗುಂಡಿ ತೋಡಿಯೂ ಮಾಡಬಹುದು. ಕಟ್ಟಿಗೆ ಚೆನ್ನಾಗಿ ಒಣಗಿರಬೇಕು. ಮೇಲಿನಿಂದ ಬೆಂಕಿ ಹೊತ್ತಿಸಿ, ಮೇಲ್ಪದರದಲ್ಲಿ ಬೂದಿ ಬಿಳಿಯಾಗಿ ಕಾಣತೊಡಗಿದ ಕೂಡಲೇ ಇನ್ನೊಂದು ಪದರ ಕಟ್ಟಿಗೆ ಹಾಕುತ್ತ ಹೋಗಿ. ಮೇಲಿನ ಜ್ವಾಲೆ ಗಾಳಿಯನ್ನು ತಾನೇ ಬಳಸಿಕೊಳ್ಳುವುದರಿಂದ ಕೆಳಗಿನ ಕೆಂಡ ಬೂದಿಯಾಗದೆ ಉಳಿಯುತ್ತದೆ, ಹೊಗೆಯೂ ಬಹುಪಾಲು ಅಲ್ಲೇ ಉರಿದುಹೋಗುತ್ತದೆ. ಗುಂಡಿ ತುಂಬಿದ ಮೇಲೆ ನೀರು ಸುರಿದು ಪೂರ್ತಿ ಆರಿಸಿ. ಆರಿತೆಂದುಕೊಂಡ ರಾಶಿಯೊಳಗೆ ಕೆಂಡ ಅಡಗಿರುವುದುಂಟು, ಕೈ ಹಾಕುವ ಮೊದಲು ಮತ್ತೊಮ್ಮೆ ನೀರು ಬಿಡಿ. ಬಣ್ಣ ಬಳಿದ ಮರ, ಪ್ಲಾಸ್ಟಿಕ್ ಸೇರಿದ ಕಸ ಇದಕ್ಕೆ ಬೇಡವೇ ಬೇಡ. ಕುಟ್ಟಿ ಪುಡಿ ಮಾಡುವಾಗ ನೀರು ಚಿಮುಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಈ ಇದ್ದಿಲನ್ನು ಹಾಗೆಯೇ ನೇರವಾಗಿ ಹೊಲಕ್ಕೆ ಹಾಕಬಾರದು. ಗಂಜಲದಲ್ಲಿ ನೆನೆಸಿ, ಕೊಟ್ಟಿಗೆ ಗೊಬ್ಬರದ ಗುಂಡಿಗೆ ಪದರ ಪದರವಾಗಿ ಸೇರಿಸಿ, ಎರಡು ಮೂರು ತಿಂಗಳು ಕಳಿಯಲು ಬಿಡಿ. ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹರಡಿದರೆ ಇನ್ನೂ ಸುಲಭ, ಪೋಲಾಗುವ ಗಂಜಲವನ್ನು ಅದು ಹೀರಿಕೊಳ್ಳುತ್ತದೆ, ನಾತವೂ ತಗ್ಗುತ್ತದೆ. ಲಾವೋಸ್‌ನಲ್ಲಿ ಎಲೆಯ ಹಸಿರು ತಗ್ಗಿದಂಥ ತೊಂದರೆಗೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರಿಹಾರ ಇದು. ವಾಡಿಕೆಯಂತೆ ಕೊಡುವ ಗೊಬ್ಬರವನ್ನು ಮೊದಲ ವರ್ಷ ಕಡಿಮೆ ಮಾಡಬೇಡಿ.

ಕಾರ್ಬನ್ ಕ್ರೆಡಿಟ್ಟಿನ, ಅಂದರೆ ಇಂಗಾಲವನ್ನು ಮಣ್ಣಿನಲ್ಲಿ ಹಿಡಿದಿಟ್ಟದ್ದಕ್ಕೆ ಸಿಗುವ, ಹಣಕ್ಕಾಗಿ ಕೆಲವು ಕಂಪನಿಗಳು ರೈತರಿಗೆ ಬಯೋಚಾರ್ ಪುಕ್ಕಟೆ ಕೊಡುವುದೂ ಉಂಟು. ಹಾಗೆ ಸಿಕ್ಕಿದರೆ ಖರ್ಚಿನ ಲೆಕ್ಕ ಬದಲಾಗುತ್ತದೆ ನಿಜ. ಆದರೂ ಅದು ಯಾವ ಕಸದಿಂದ ಆದದ್ದು, ಅದರ ರಸಸಾರ ಎಷ್ಟು ಎಂದು ಕೇಳಿ ತಿಳಿದುಕೊಳ್ಳಿ. ಮಣ್ಣಿಗೆ ಬೆರೆತ ಇದ್ದಿಲನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ.

ಆದ್ದರಿಂದ ಇಡೀ ಹೊಲಕ್ಕೆ ಒಮ್ಮೆಗೇ ಕೈ ಹಾಕಬೇಡಿ. ಒಂದೇ ಬಗೆಯ ಮಣ್ಣಿರುವ ಜಾಗದಲ್ಲಿ, ಮರದ ನೆರಳು ಬೀಳದ ಕಡೆ, ಅಕ್ಕಪಕ್ಕ ಮೂರು ಪಟ್ಟಿ ಗುರುತಿಸಿ. ಒಂದಕ್ಕೆ ಕೊಟ್ಟಿಗೆ ಗೊಬ್ಬರ ಮಾತ್ರ, ಇನ್ನೊಂದಕ್ಕೆ ಅಷ್ಟೇ ಗೊಬ್ಬರದೊಡನೆ ಕಳಿತ ಇದ್ದಿಲು, ಮೂರನೆಯದಕ್ಕೆ ಅಷ್ಟೇ ಗೊಬ್ಬರದೊಡನೆ ಸುಣ್ಣ. ಬಿತ್ತನೆ, ಎಡೆಕುಂಟೆ, ಮೇಲುಗೊಬ್ಬರ ಎಲ್ಲಕ್ಕೂ ಒಂದೇ ದಿನ, ಒಂದೇ ಪ್ರಮಾಣ. ಕಣದಲ್ಲಿ ಮೂರರ ರಾಗಿಯನ್ನೂ ಹುಲ್ಲನ್ನೂ ಬೇರೆ ಬೇರೆ ತೂಗಿ ಬರೆದಿಡಿ. ಇದ್ದಿಲಿನ ಪಟ್ಟಿ ಸುಣ್ಣದ ಪಟ್ಟಿಯನ್ನು ಮೀರದಿದ್ದರೆ ನಿಮಗೆ ಬೇಕಾದದ್ದು ಸುಣ್ಣವೇ. ಮಳೆ ಕೈಕೊಟ್ಟ ವರ್ಷದ ತೂಕವನ್ನು ತಪ್ಪದೆ ಬರೆದುಕೊಳ್ಳಿ, ನಿಮ್ಮ ಮಣ್ಣಿನಲ್ಲಿ ಇದ್ದಿಲು ತೇವ ಹಿಡಿಯುತ್ತದೆಯೋ ಇಲ್ಲವೋ ಎಂಬುದು ಆ ವರ್ಷವೇ ಗೊತ್ತಾಗುವುದು. ಮೊದಲ ಫಸಲು ನೋಡಿ ತೀರ್ಮಾನಕ್ಕೆ ಬರದೆ ಮೂರನೆಯ, ಸಾಧ್ಯವಾದರೆ ನಾಲ್ಕನೆಯ ವರ್ಷದವರೆಗೂ ಅದೇ ಪಟ್ಟಿಗಳನ್ನು ಉಳಿಸಿಕೊಳ್ಳಿ. ಇದ್ದಿಲನ್ನು ಪ್ರತಿ ವರ್ಷ ಮತ್ತೆ ಹಾಕಬೇಕಾಗಿಲ್ಲ, ತೂಗುವುದು ಮಾತ್ರ ಪ್ರತಿ ವರ್ಷ ಆಗಬೇಕು.